‘ಹೊರಗೆ’ ಎಂದರೆ ಎಲ್ಲಿಗೆ?



ಮಲವಿಸರ್ಜನೆಗೆ ಹೋಗುವುದನ್ನು ನೇರವಾಗಿ ಹೇಳುವ ರೂಢಿ ನಮ್ಮಲ್ಲಿ ಇಲ್ಲ. ‘ಹೊರಗೆ ಹೋಗಿದ್ದಾರೆ’ ಎನ್ನುತ್ತೇವೆ. ‘ಬಯಲಕಡೆಗೆ ಹೋಗಿದ್ದಾರೆ’ ಎನ್ನುತ್ತೇವೆ. ‘ತಂಬಿಗೆ ಹಿಡಿದು ಹೋದರು’ ಎನ್ನುತ್ತೇವೆ. ಸಂಕೋಚದಿಂದ ಹುಟ್ಟಿದ ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವೆಲ್ಲವೂ ಮನೆಯಿಂದ ಆಚೆಗೇ ಕೈತೋರುತ್ತವೆ. ಬಯಲು ಹೋಗಿ, ಮನೆಯೊಳಗೇ ಬಿಳಿಯ ಪಿಂಗಾಣಿ ಪೀಠ ಬಂದ ಮೇಲೂ ಈ ಭಾವನೆ ಬದಲಾಗಿಲ್ಲ. ನೀರು ನುಗ್ಗಿ ಬರುತ್ತದೆ. ಇದ್ದದ್ದು ‘ಹೊರಗೆ’ ಹೋಗುತ್ತದೆ. ಆ ಹೊರಗು ಎಲ್ಲಿದೆ, ಅಲ್ಲಿ ಯಾರಿದ್ದಾರೆ ಎಂದು ಕೇಳುವವರು ಕಡಿಮೆ. ಹೀಗೆ ಹೊರಗೆ ಕಳುಹಿಸಲು ಸ್ಥಳವೇ ಇಲ್ಲದ ಮಲೆನಾಡಿನ ಒಂದು ಒಂಟಿ ಮನೆಯಲ್ಲಿ ಈ ಪ್ರಶ್ನೆ ನನಗೆ ಎದುರಾಯಿತು. ಅಲ್ಲಿ ಕಂಡದ್ದನ್ನು ಸಂಕೋಚ ಬದಿಗಿಟ್ಟು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಆ ಮನೆ ಇರುವುದು ಸಾಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿಗೆ ಹತ್ತಿರದ ಕಾಡಂಚಿನಲ್ಲಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಾಡಿನ ಎಷ್ಟೋ ಊರುಗಳಿಗೆ ಬೆಳಕು ಕೊಟ್ಟಿತು. ಆ ನೀರಿನ ಪಕ್ಕದಲ್ಲಿಯೇ ಇರುವ ಈ ಮನೆಗೆ ಮಾತ್ರ ವಿದ್ಯುತ್ ಕಂಬ ಬಂದಿಲ್ಲ. ಅದು ಎರಡು ಕಿಲೋಮೀಟರ್ ಆಚೆಗೇ ನಿಂತಿದೆ. ಬೇಸಿಗೆಯಲ್ಲಿ ಮಾಡಿನ ಮೇಲಿನ ಸೌರಫಲಕ, ಮಳೆಗಾಲದಲ್ಲಿ ಹಳ್ಳದ ನೀರಿಗೆ ತಿರುಗುವ ಪುಟ್ಟ ಟರ್ಬೈನ್, ಇವು ಕೊಡುವಷ್ಟೇ ಬೆಳಕು. ಪಂಪಿಲ್ಲ. ಮನೆಯ ಕೆಳಗಿನ ಇಳಿಜಾರಿನಲ್ಲಿ ಒಂದು ಬಾವಿ, ಅದಕ್ಕೊಂದು ರಾಟೆ. ಅಲ್ಲಿ ವಾಸಿಸುವವರು ಎಪ್ಪತ್ತು ದಾಟಿದ ದಂಪತಿಗಳು. ಅವರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದು ಅಡಿಕೆ ತೋಟದ ಕೆಲಸದಲ್ಲಿ ನೆಲೆನಿಂತವರು. ಸುತ್ತಲಿನವರೆಲ್ಲ ಅವರನ್ನು ಅಜ್ಜ, ಅಮ್ಮ ಎಂದೇ ಕರೆಯುವುದು. ನಾನೂ ಹಾಗೆಯೇ ಕರೆಯುತ್ತೇನೆ.

ಶೌಚಕ್ಕೆಂದು ತೋಟದ ಆಚೆ ಒಂದು ಹಳೆಯ ಗುಂಡಿಯ ಪಾಯಿಖಾನೆ ಇತ್ತು. ಅಲ್ಲಿಗೆ ಹೋಗಲು ಪಾಚಿಗಟ್ಟಿದ ಮೆಟ್ಟಿಲು ಇಳಿಯಬೇಕು. 2018ರ ಮಳೆಗಾಲದ ಒಂದು ರಾತ್ರಿ ಅಮ್ಮ ಆ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಪರಮಪ್ರಸಾದ ತೆಗೆದುಕೊಂಡು ಅವರನ್ನು ನೋಡಲು ಹೋದಾಗ ಅವರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಫಾದರ್, ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ರಾತ್ರಿ ಏಳಬೇಕಾದೀತು ಎಂಬ ಹೆದರಿಕೆ.” ಬಾಯಾರಿಕೆಯನ್ನು ನುಂಗಿಕೊಂಡು ರಾತ್ರಿ ಕಳೆಯುವ ವೃದ್ಧೆಯರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ನಾವು ಎಣಿಸಿಲ್ಲ.

ಮನೆಯೊಳಗೇ ಒಂದು ಶೌಚಾಲಯ ಬೇಕೆಂಬುದು ನಿಶ್ಚಯವಾಯಿತು. ಆದರೆ ಎಂಥದ್ದು? ಗುಂಡಿ ತೋಡಿಸಿ ನೀರು ಸುರಿಯುವ ಶೌಚಾಲಯ ಕಟ್ಟಿಸಿದರೆ ಆ ಗುಂಡಿ ಬಾವಿಗಿಂತ ಎತ್ತರದಲ್ಲಿ ಬೀಳುತ್ತದೆ. ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಸಣ್ಣ ಸಣ್ಣ ತೂತುಗಳು. ಸುರಿದ ನೀರು ಅವುಗಳಲ್ಲಿ ಸಲೀಸಾಗಿ ಹರಿಯುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಬಂದಾಗ ಗುಂಡಿಯ ನೀರಿಗೂ ಬಾವಿಯ ನೀರಿಗೂ ನಡುವೆ ಗೋಡೆಯೇ ಉಳಿಯುವುದಿಲ್ಲ. ತಾವು ಹೊರಗೆ ಕಳುಹಿಸಿದ್ದನ್ನೇ ಆ ದಂಪತಿಗಳು ಕೊಡದಲ್ಲಿ ತುಂಬಿ ಒಳಗೆ ತರಬೇಕಾಗುತ್ತಿತ್ತು. ಜೊತೆಗೆ, ಪ್ರತಿ ಬಾರಿ ಸುರಿಯುವ ನೀರನ್ನು ರಾಟೆಯಿಂದ ಎಳೆದು ಇಳಿಜಾರು ಹತ್ತಿಸುವವರು ಯಾರು?

ಗುರುಮಠದ ದಿನಗಳಲ್ಲಿ ಒಂದು ಬೇಸಿಗೆಯನ್ನು ನಾನು ತಿರುವನಂತಪುರದ ಕಡಲತೀರದ ಮೀನುಗಾರರ ಹಳ್ಳಿಗಳಲ್ಲಿ ಕಳೆದಿದ್ದೆ. ಅಲ್ಲಿಯೂ ಇದೇ ತೊಡಕು: ಮರಳು ನೆಲ, ಕೈಗೆಟುಕುವಷ್ಟು ಮೇಲಿರುವ ನೀರು, ಒತ್ತಾಗಿ ನಿಂತ ಮನೆಗಳು. 1990ರ ದಶಕದಲ್ಲಿ ಪಾಲ್ ಕ್ಯಾಲ್ವರ್ಟ್ ಎಂಬ ಇಂಗ್ಲೆಂಡಿನ ತಂತ್ರಜ್ಞರು ಆ ತೀರದಲ್ಲಿ ನೆಲದ ಮೇಲೆ ನಿಲ್ಲುವ ಗೊಬ್ಬರ ಶೌಚಾಲಯಗಳನ್ನು ಕಟ್ಟಿಸಿದ್ದರು. ಮಲ ಒಂದು ಕಡೆಗೆ, ಮೂತ್ರ ಇನ್ನೊಂದು ಕಡೆಗೆ, ತೊಳೆದ ನೀರು ಮತ್ತೊಂದು ಕಡೆಗೆ ಹೋಗುವ ವ್ಯವಸ್ಥೆ ಅದು. ನೀರಿನಿಂದ ತೊಳೆದುಕೊಳ್ಳುವ ನಮ್ಮ ಜನರ ಅಭ್ಯಾಸಕ್ಕೆ ಅದು ಹೊಂದುತ್ತದೆ. ಆಗ ಕುತೂಹಲದಿಂದ ಕಂಡದ್ದು ಎರಡು ದಶಕಗಳ ಅನಂತರ ಅಮ್ಮನ ಮನೆಯಲ್ಲಿ ನೆನಪಿಗೆ ಬಂತು.

ಈ ವಿಚಾರ ಬಹಳ ಹಳೆಯದು. ಪಾಳೆಯದ ಆಚೆ ಹೋಗುವವನು ಗುದ್ದಲಿಯೊಂದನ್ನು ಜೊತೆಗೊಯ್ದು, ಮಣ್ಣು ಅಗೆದು ಮುಚ್ಚಿ ಬರಬೇಕೆಂಬ ನಿಯಮ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ ಇದೆ. ಯಾರ ಗುದ್ದಲಿ ಅವರ ಕೈಯಲ್ಲಿ ಎಂಬುದನ್ನು ಗಮನಿಸಿ. ಇಂಗ್ಲೆಂಡಿನ ಫೋರ್ಡಿಂಗ್ಟನ್ ಎಂಬಲ್ಲಿ ಆಂಗ್ಲಿಕನ್ ಸಭೆಯ ಪಾದ್ರಿಯಾಗಿದ್ದ ಹೆನ್ರಿ ಮೌಲ್ ಅವರು 1849 ಮತ್ತು 1854ರಲ್ಲಿ ತಮ್ಮ ಊರಿಗೆ ಬಂದ ಕಾಲರಾ ಪಿಡುಗಿನಲ್ಲಿ ಜನರ ನಡುವೆ ನಿಂತು ಸೇವೆ ಮಾಡಿದವರು. ಮಲವನ್ನು ಒಣಮಣ್ಣಿನೊಡನೆ ಬೆರೆಸಿದರೆ ಮೂರು ನಾಲ್ಕು ವಾರಗಳಲ್ಲಿ ಅದರ ಕುರುಹೇ ಕಾಣದಂತಾಗುತ್ತದೆ ಎಂಬುದನ್ನು ಅವರು ತಮ್ಮ ಹಿತ್ತಿಲಿನಲ್ಲಿಯೇ ಕಂಡುಕೊಂಡರು. ಹಿಡಿ ಎಳೆದರೆ ನೀರಿನ ಬದಲು ಒಣಮಣ್ಣು ಬೀಳುವ ಶೌಚಪೀಠಕ್ಕೆ 1860ರಲ್ಲಿ ಪೇಟೆಂಟ್ ಪಡೆದರು. ಉತ್ತರ ವಿಯೆಟ್ನಾಮಿನ ಹಳ್ಳಿಗಳಲ್ಲಿ 1950ರ ದಶಕದಿಂದ ಜೋಡಿ ತೊಟ್ಟಿಯ ಶೌಚಾಲಯಗಳು ಬಂದವು. ಲಡಾಖಿನ ಮನೆಗಳಲ್ಲಂತೂ ಮೇಲಂತಸ್ತಿನ ಒಂದು ಕೋಣೆಯೇ ಶೌಚಾಲಯ; ನೆಲದಲ್ಲೊಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ ಮತ್ತು ಸಲಿಕೆ. ಕೆಳಗಿನ ಕೋಣೆಯಲ್ಲಿ ಗೊಬ್ಬರವಾದದ್ದು ಹೊಲಕ್ಕೆ ಹೋಗುತ್ತದೆ.

ಅಜ್ಜನಿಗೆ ಇಷ್ಟೆಲ್ಲ ಹೇಳಬೇಕಾಗಲಿಲ್ಲ. ಕೊಟ್ಟಿಗೆಯಲ್ಲಿ ದಿನವೂ ಸಗಣಿಯ ಮೇಲೆ ಸೊಪ್ಪು, ದರಗು ಹರಡಿ, ತುಳಿಸಿ, ಗೊಬ್ಬರದ ಗುಂಡಿಗೆ ಹಾಕಿ, ವರ್ಷ ಕಾದು ತೋಟಕ್ಕೆ ಕೊಡುವ ಕ್ರಮದಲ್ಲಿಯೇ ಅವರು ಬೆಳೆದವರು. “ಇದು ನಮ್ಮ ಕೊಟ್ಟಿಗೆಯ ಲೆಕ್ಕವೇ ಅಲ್ಲವೇ?” ಎಂದರು. ಹೌದು, ಅದೇ ಲೆಕ್ಕ.

2019ರ ಬೇಸಿಗೆಯಲ್ಲಿ ಕೆಲಸ ಆರಂಭವಾಯಿತು. ಬಚ್ಚಲುಮನೆಯ ಪಕ್ಕದಲ್ಲಿ ಸೌದೆ ಇಡುತ್ತಿದ್ದ ಕೋಣೆಯನ್ನು ತೆರವು ಮಾಡಿದೆವು. ಮಲಗುವ ಕೋಣೆಯಿಂದ ಅಲ್ಲಿಗೆ ಹನ್ನೆರಡು ಹೆಜ್ಜೆ, ಒಂದೂ ಮೆಟ್ಟಿಲಿಲ್ಲ. ಮನೆ ಇಳಿಜಾರಿನಲ್ಲಿದ್ದುದರಿಂದ ಆ ಕೋಣೆಯ ನೆಲದ ಕೆಳಗೆ, ಹೊರಗಿನಿಂದ ಬಾಗಿಲು ಇಡಬಹುದಾದಷ್ಟು ಎತ್ತರ ದೊರೆಯಿತು. ಅಲ್ಲಿ ಜಂಬಿಟ್ಟಿಗೆ ಕಲ್ಲಿನಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಎರಡು ತೊಟ್ಟಿಗಳನ್ನು ಅಕ್ಕಪಕ್ಕದಲ್ಲಿ ಕಟ್ಟಿ, ಒಳಗೆ ಸಿಮೆಂಟು ಗಾರೆ ಮಾಡಿಸಿದೆವು. ತಳಕ್ಕೆ ಕಾಂಕ್ರೀಟು, ಒಂದು ಹನಿಯೂ ನೆಲಕ್ಕೆ ಇಂಗಬಾರದು, ಮಳೆಯ ಒಂದು ಹನಿಯೂ ಒಳಗೆ ಬರಬಾರದು. ಒಂದು ತೊಟ್ಟಿ ಬಳಕೆಯಲ್ಲಿರುವಾಗ ಇನ್ನೊಂದು ಮುಚ್ಚಿಕೊಂಡು ವಿಶ್ರಮಿಸಬೇಕು. ಇದೇ ಜೋಡಿ ತೊಟ್ಟಿಯ ಗುಟ್ಟು.

ಅಮ್ಮನಿಗೆ ಕುಕ್ಕರಗಾಲಿನಲ್ಲಿ ಕೂರಲಾಗದು. ಆದ್ದರಿಂದ ಹಲಸಿನ ಹಲಗೆಯಿಂದ ಕುರ್ಚಿಯೆತ್ತರದ ಪೀಠ ಮಾಡಿಸಿದೆವು. ಅದರ ಮುಂಭಾಗದಲ್ಲಿ ಮೂತ್ರವನ್ನು ಬೇರ್ಪಡಿಸುವ ಬಟ್ಟಲು. ಅಲ್ಲಿಂದ ಇಳಿಜಾರಾಗಿ ಹೊರಗಿನ ಕ್ಯಾನಿಗೆ ಒಂದು ಕೊಳವೆ. ತೊಳೆದುಕೊಳ್ಳಲು ಪಕ್ಕದಲ್ಲಿಯೇ ಇನ್ನೊಂದು ಆಸನ. ಆ ನೀರು ಬಾವಿಯಿಂದ ದೂರವಿರುವ ಬಾಳೆಯ ಬುಡಕ್ಕೆ. ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು. ತೊಟ್ಟಿಯಿಂದ ಹೆಂಚಿನ ಮಾಡನ್ನು ದಾಟಿ ಮೇಲೆ ಹೋಗುವ ನಾಲ್ಕು ಇಂಚಿನ ಕೊಳವೆಗೆ ಕಪ್ಪು ಬಣ್ಣ ಬಳಿದು, ತುದಿಗೆ ಜಾಲರಿ ಕಟ್ಟಿದೆವು. ಬಿಸಿಲಿಗೆ ಕೊಳವೆ ಕಾದಾಗ ಒಳಗಿನ ಗಾಳಿ ಮೇಲೇರುತ್ತದೆ, ಕೋಣೆಯ ಗಾಳಿ ಕೆಳಗಿಳಿಯುತ್ತದೆ. ಆದ್ದರಿಂದ ವಾಸನೆ ಮನೆಯೊಳಗೆ ಬರುವುದಿಲ್ಲ. ಕತ್ತಲ ತೊಟ್ಟಿಯಲ್ಲಿನ ನೊಣ ಬೆಳಕನ್ನು ಹುಡುಕಿ ಕೊಳವೆಯ ತುದಿಗೆ ಹೋಗಿ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

‘ಮನೆಯೊಳಗೆ ಇಂಥದ್ದೇ? ನಾರುವುದಿಲ್ಲವೇ?’ ಎಂದು ನೀವು ಕೇಳಬಹುದು. ಮಲ ಮೂತ್ರಗಳು ಬೆರೆತು ಒದ್ದೆಯಾಗಿ, ಗಾಳಿ ಸಿಗದೆ ಕೊಳೆತಾಗ ಕೆಟ್ಟ ವಾಸನೆ ಹುಟ್ಟುತ್ತದೆ. ಬೇರೆಯಾಗಿಟ್ಟು, ಪ್ರತಿ ಬಾರಿಯೂ ಎರಡು ಬೊಗಸೆ ಒಣಮಣ್ಣು, ಒಲೆಯ ಬೂದಿ, ಮರದ ಹೊಟ್ಟುಗಳ ಮಿಶ್ರಣವನ್ನು ಮೇಲೆ ಹಾಕಿದರೆ ಅದು ಹುಟ್ಟುವ ಸಂದರ್ಭವೇ ಬಾರದು. ಮಲೆನಾಡಿನಲ್ಲಿ ಒಣಗಿದ್ದು ಎಂಬುದು ಬೇಸಿಗೆಯಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ಸೌದೆಯಂತೆಯೇ ಮಣ್ಣನ್ನೂ ಹೊಟ್ಟನ್ನೂ ಮಳೆಗೆ ಮುಂಚೆ ಚೀಲಗಳಲ್ಲಿ ತುಂಬಿ ಅಟ್ಟಕ್ಕೆ ಏರಿಸಬೇಕು. ಒಬ್ಬ ಮನುಷ್ಯನ ದೇಹ ವರ್ಷಕ್ಕೆ ಸುಮಾರು 500 ಲೀಟರ್ ಮೂತ್ರವನ್ನೂ ಸುಮಾರು 50 ಕಿಲೋ ಮಲವನ್ನೂ ಹೊರಹಾಕುತ್ತದೆ. ಸಸ್ಯಗಳಿಗೆ ಬೇಕಾದ ಸಾರಜನಕದ ಬಹುಪಾಲು ಇರುವುದು ಮೂತ್ರದಲ್ಲಿ. ಅದಕ್ಕೆ ಹಲವು ಪಟ್ಟು ನೀರು ಬೆರೆಸಿ ಅಜ್ಜ ಅಡಿಕೆ ಮರಗಳ ಬುಡಕ್ಕೆ ಹಾಕುತ್ತಾರೆ.

ಇಷ್ಟೆಲ್ಲವೂ ಗಾರೆ, ಮರ, ಕೊಳವೆಗಳ ಮಾತಾಯಿತು. ನಿಜವಾದ ತೊಡಕು ಬಂದದ್ದು ಎರಡನೆಯ ತೊಟ್ಟಿಯ ಗೋಡೆ ಏಳುತ್ತಿದ್ದಾಗ. ಗಾರೆ ಕೆಲಸದ ಮೇಸ್ತ್ರಿ ಕರಣಿಯನ್ನು ಕೆಳಗಿಟ್ಟು ಕೇಳಿದ: “ಫಾದರ್, ತುಂಬಿದ ಮೇಲೆ ಇದನ್ನು ತೆಗೆಯುವವರು ಯಾರು?”

ನೋಡಲು ಬಂದಿದ್ದ ನೆರೆಯವರೊಬ್ಬರು ನಾನು ಬಾಯಿ ತೆರೆಯುವ ಮುನ್ನವೇ ಉತ್ತರ ಕೊಟ್ಟರು. “ಅದಕ್ಕೇನು? ಕಾಲೋನಿಯಿಂದ ಯಾರನ್ನಾದರೂ ಕರೆಸಿದರಾಯಿತು. ಇನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟರೆ ಬರುತ್ತಾರೆ.”

ಅವರು ಕೆಟ್ಟವರಲ್ಲ. ನಮ್ಮ ನಾಡು ಶತಮಾನಗಳಿಂದ ಕೊಡುತ್ತಾ ಬಂದ ಉತ್ತರವನ್ನೇ ಅವರೂ ಕೊಟ್ಟರು. ‘ಹೊರಗೆ’ ಎಂಬ ಮಾತಿನ ಹಿಂದೆ ಯಾರಿದ್ದಾರೆಂಬುದು ಆ ಕ್ಷಣ ಸ್ಪಷ್ಟವಾಯಿತು. ಅಲ್ಲಿರುವುದು ಒಂದು ಜಾತಿಯ ಮನುಷ್ಯರು.

ಓದುಗರೇ, ಈ ಕಥೆ ನಮ್ಮ ರಾಜ್ಯಕ್ಕೆ ಹೊಸತಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಆದರೂ ಕೋಲಾರದ ಚಿನ್ನದ ಗಣಿಯ ವಸತಿಗಳಲ್ಲಿ ಒಣಪಾಯಿಖಾನೆಗಳು ಆ ಬಳಿಕವೂ ಉಳಿದವು. ಅಲ್ಲಿ ಮಲ ಬಾಚುವ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಈ ಪದ್ಧತಿಯ ವಿರುದ್ಧ ದೇಶದುದ್ದಕ್ಕೂ ಹೋರಾಟ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 1993ರಲ್ಲಿ ಒಂದು ಕಾಯಿದೆ ಬಂತು. 2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದವರು ತಮ್ಮ ಸೂರು ಕಳೆದುಕೊಳ್ಳುವ ಸಂಕಟದಲ್ಲಿ, ಬೇರೆ ದಾರಿ ಕಾಣದೆ, ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡು ಪ್ರತಿಭಟಿಸಿದರು. 2013ರಲ್ಲಿ ಮತ್ತೊಂದು, ಹೆಚ್ಚು ಬಲವಾದ ಕಾಯಿದೆ ಬಂತು.

ಆ 2013ರ ಕಾಯಿದೆಯನ್ನು ನಾನು ಗಮನವಿಟ್ಟು ಓದಿದೆ. ಏಕೆಂದರೆ ನಾವು ಕಟ್ಟುತ್ತಿದ್ದುದು ಅದು ನಿಷೇಧಿಸುವ ವಸ್ತುವೇ ಆಗಿಬಿಡಬಾರದಲ್ಲವೇ? ಕಾಯಿದೆ ಎಳೆಯುವ ಗೆರೆ ಬಹಳ ಅರ್ಥಪೂರ್ಣವಾದುದು. ಮಲವು ಪೂರ್ತಿಯಾಗಿ ಕೊಳೆತು ಕಳಿಯುವ ಮುನ್ನವೇ ಮನುಷ್ಯನ ಕೈಯಿಂದ ತೆಗೆಯಿಸಬೇಕಾಗುವಂಥ ಪಾಯಿಖಾನೆಯನ್ನು ಅದು ಅನೈರ್ಮಲ್ಯದ್ದೆಂದು ಕರೆಯುತ್ತದೆ. ಕಾಯದೆ ತೆಗೆಸಿದರೆ ಅದು ಮಲ. ಕಾದು ತೆಗೆದರೆ ಅದು ಮಣ್ಣು. ಹಳೆಯ ಒಣಪಾಯಿಖಾನೆಗೂ ಈ ತೊಟ್ಟಿಗೂ ಇರುವ ಅಂತರ ಆ ಕಾಯುವಿಕೆಯಲ್ಲಿದೆ. ಆದರೆ ಮಣ್ಣಾದ ಮೇಲೂ ತೆಗೆಯಲು ಇನ್ನೊಬ್ಬನನ್ನೇ ಕರೆದರೆ ಕಾಯಿದೆ ಉಳಿದೀತು, ಅದರ ಆತ್ಮ ಉಳಿಯದು.

ಅಂದು ಸಂಜೆಯವರೆಗೆ ಅಜ್ಜ ಮಾತಾಡಲಿಲ್ಲ. ಕೊನೆಗೆ ಹೇಳಿದರು: “ಐವತ್ತು ವರ್ಷ ಕೊಟ್ಟಿಗೆಯ ಗೊಬ್ಬರ ಹೊತ್ತವನು ನಾನು. ದನದ್ದನ್ನು ಹೊತ್ತ ಕೈ ನನ್ನದನ್ನು ಹೊರಲಾರದೇ? ನಮ್ಮ ಮನೆಯದನ್ನು ತೆಗೆಯಲು ಹೊರಗಿನವರು ಯಾರೂ ಬರಬಾರದು.”

ಒಳಗಿನಿಂದ ಅಮ್ಮನ ದನಿ ಕೇಳಿಸಿತು. “ಇವರಿಗೆ ಶಕ್ತಿ ಇರುವವರೆಗೆ ಸರಿ. ಆಮೇಲೆ? ಅದು ನನ್ನ ಕೈಗೆ ಬರುತ್ತದೆ, ಇಲ್ಲವೇ ಸೊಸೆಯ ಕೈಗೆ. ಯಾರೂ ಮಾಡದ ಕೆಲಸ ಕೊನೆಗೆ ಹೆಂಗಸರಿಗೇ ಬರುವುದು, ಫಾದರ್.”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜ ಎದ್ದು, ಮೊಬೈಲಿಗೆ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹೊರಟರು. ನಾನೂ ಜೊತೆಗೆ ಹೋದೆ. ಬೆಂಗಳೂರಿನಲ್ಲಿರುವ ಮಗನಿಗೆ ಈ ಯೋಜನೆ ಮೊದಲಿನಿಂದಲೂ ಹಿಡಿಸಿರಲಿಲ್ಲ; ಊರವರು ನಗುತ್ತಾರೆ ಎಂಬುದು ಅವನ ಚಿಂತೆ. ಅಜ್ಜ ನೇರವಾಗಿ ಕೇಳಿದರು: “ನಾನು ಆಗದವನಾದರೆ ನೀನು ಬಂದು ತೆಗೆಯುತ್ತೀಯಾ? ಹೂಂ ಅಂದರೆ ನಾಳೆ ಗೋಡೆ ಏಳುತ್ತದೆ. ಇಲ್ಲ ಅಂದರೆ ಕಲ್ಲು ವಾಪಸು ಕಳಿಸುತ್ತೇನೆ.” ಆ ಕಡೆ ಬಹಳ ಹೊತ್ತು ಮೌನ. ಆಮೇಲೆ, “ಆಗಲಿ ಅಪ್ಪ” ಎಂಬ ಮಾತು. ಮರುದಿನ ಗೋಡೆ ಎದ್ದಿತು.

2020ರಲ್ಲಿ ಕೋವಿಡ್ ಬಂದು ಎಲ್ಲವೂ ಮುಚ್ಚಿದಾಗ ಆ ಮಗ, ಸೊಸೆ, ಇಬ್ಬರು ಮಕ್ಕಳು ಐದು ತಿಂಗಳು ಅಲ್ಲಿಯೇ ಉಳಿದರು. ಮಣ್ಣು ಹಾಕುವುದು ಮಕ್ಕಳಿಗೆ ಎರಡೇ ದಿನದಲ್ಲಿ ಆಟವಾಯಿತು. ಆ ವರ್ಷದ ದೀಪಾವಳಿಯ ಹೊತ್ತಿಗೆ ಮೊದಲ ತೊಟ್ಟಿ ತುಂಬಿತು. ಅದನ್ನು ಮುಚ್ಚಿ, ಪೀಠವನ್ನು ಎರಡನೆಯ ತೊಟ್ಟಿಯ ಮೇಲಕ್ಕೆ ಸರಿಸಿದರು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮಣ್ಣಿನಂತೆ ಕಾಣುವುದೆಲ್ಲ ಮಣ್ಣಾಗಿರುವುದಿಲ್ಲ. ಮಲದಲ್ಲಿರುವ ರೋಗಾಣುಗಳಲ್ಲಿ ಜಂತುಹುಳುವಿನ ಮೊಟ್ಟೆ ಬಹಳ ಗಟ್ಟಿ ಜೀವ, ತಿಂಗಳುಗಟ್ಟಲೆ ಬದುಕಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಹೊಸದನ್ನು ಬೆರೆಸದೆ, 20ರಿಂದ 35 ಡಿಗ್ರಿ ಉಷ್ಣತೆಯ ಪ್ರದೇಶಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ, ಅದಕ್ಕಿಂತ ತಂಪಾದ ಕಡೆ ಒಂದೂವರೆಯಿಂದ ಎರಡು ವರ್ಷ ಅದನ್ನು ಹಾಗೆಯೇ ಇಡಬೇಕು. ಮಲೆನಾಡಿನ ತಂಪನ್ನೂ ತೇವವನ್ನೂ ನೆನೆದು ನಾವು ಎರಡು ವರ್ಷ ಎಂದೇ ಗೊತ್ತುಮಾಡಿಕೊಂಡೆವು. ತೆಗೆದ ಗೊಬ್ಬರವನ್ನೂ ಸೊಪ್ಪು ತರಕಾರಿಯ ಮಡಿಗೆ ಹಾಕದೆ, ಅಡಿಕೆ ತೆಂಗಿನ ಬುಡದಲ್ಲಿ ಹೂತು ಮಣ್ಣು ಮುಚ್ಚುವುದು. ಕೈಗೆ ಗ್ಲೌಸ್, ಕಾಲಿಗೆ ಬೂಟು, ಕೆಲಸ ಮುಗಿದ ಮೇಲೆ ಸಾಬೂನಿನ ಸ್ನಾನ. ಇವುಗಳನ್ನು ಪಾಲಿಸುವ ತಾಳ್ಮೆ ಇಲ್ಲದ ಮನೆಗೆ ಈ ಶೌಚಾಲಯ ಬೇಡ.

2023ರ ಫೆಬ್ರುವರಿಯಲ್ಲಿ ಮೊದಲ ತೊಟ್ಟಿಯ ಬಾಗಿಲು ತೆರೆಯುವ ದಿನ ಬಂತು. ಅಷ್ಟರಲ್ಲಿ ಅಜ್ಜನ ಸೊಂಟ ಬಾಗಿತ್ತು. ಹಾರೆ ಹಿಡಿಯುವ ಸ್ಥಿತಿ ಇರಲಿಲ್ಲ. ಮಗ ಹಿಂದಿನ ರಾತ್ರಿಯ ಬಸ್ಸಿಗೆ ಬೆಂಗಳೂರಿನಿಂದ ಬಂದಿದ್ದ. ಬಾಗಿಲಿನ ಕಲ್ಲನ್ನು ಸರಿಸುವಾಗ ಅವನ ಮುಖ ಬಿಗಿದಿತ್ತು, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಮೊದಲ ಸಲಿಕೆ ಹೊರಬಂದಾಗ ನಾವೆಲ್ಲ ಬಗ್ಗಿ ನೋಡಿದೆವು. ಕಂದು ಬಣ್ಣದ, ಹುಡಿಹುಡಿಯಾದ, ಮೊದಲ ಮಳೆ ಬಿದ್ದಾಗಿನ ಕಾಡುಮಣ್ಣಿನ ವಾಸನೆಯ ಗೊಬ್ಬರ. ಅಲ್ಲೊಂದು ಇಲ್ಲೊಂದು ಬೂದಿಯ ಗಂಟು. ಮೇಲಿನವರೆಗೆ ತುಂಬಿದ್ದ ತೊಟ್ಟಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅವನು ಬಟ್ಟೆ ಬಿಚ್ಚಿ ಪಕ್ಕಕ್ಕೆ ಎಸೆದು, “ಇಷ್ಟೇನಾ?” ಎಂದ. ಮಧ್ಯಾಹ್ನದೊಳಗೆ ಇಪ್ಪತ್ತೆರಡು ಬುಟ್ಟಿ ತೋಟ ಸೇರಿತು. ಆ ಬುಟ್ಟಿಗಳನ್ನು ಹೊತ್ತವನು ಆ ಮನೆಯ ಮಗ, ಬೇರೆ ಯಾರೂ ಅಲ್ಲ.

ಅಮ್ಮ ಈಗ ರಾತ್ರಿ ಮಲಗುವಾಗ ಒಂದು ಚೊಂಬು ನೀರನ್ನು ತಲೆಯ ಬಳಿ ಇಟ್ಟುಕೊಳ್ಳುತ್ತಾರೆ. ಬಾಯಾರಿದಾಗ ಕುಡಿಯುತ್ತಾರೆ.

ಪಟ್ಟಣದ ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಇರುವ ನೀವು ಇಂಥ ತೊಟ್ಟಿ ಕಟ್ಟಲಾರಿರಿ. ಕಟ್ಟಬೇಕೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಮೇಸ್ತ್ರಿ ಕೇಳಿದ ಪ್ರಶ್ನೆ ನಿಮ್ಮ ಮನೆಗೂ ಸಲ್ಲುತ್ತದೆ. ಇದನ್ನು ತೆಗೆಯುವವರು ಯಾರು? ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿದವರು ವಿಷಾನಿಲಕ್ಕೆ ಉಸಿರುಗಟ್ಟಿ ಸಾಯುವುದು ನಮ್ಮ ನಾಡಿನಲ್ಲಿ ನಿಂತಿಲ್ಲ. 1993ರಿಂದ ಹೀಗೆ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆದೇಶಿಸಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ.

ಆದ್ದರಿಂದ ಇದನ್ನು ಓದಿದ ಮೇಲೆ ಮೂರು ಕೆಲಸ ಮಾಡಿ. ನಿಮ್ಮ ಮನೆಯ, ನಿಮ್ಮ ಧರ್ಮಕೇಂದ್ರದ, ನಿಮ್ಮ ಮಕ್ಕಳ ಶಾಲೆಯ ಟ್ಯಾಂಕು ಎಲ್ಲಿದೆ, ಅದು ತುಂಬಿದಾಗ ಯಾರು ಬರುತ್ತಾರೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಯಂತ್ರದ ಲಾರಿಯನ್ನೇ ಕರೆಸಿ. ‘ಸ್ವಲ್ಪ ಇಳಿದು ನೋಡಪ್ಪ’ ಎಂಬ ಮಾತು ನಿಮ್ಮ ಅಂಗಳದಲ್ಲಿ ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಿ. ಬಂದವರ ಹೆಸರು ಕೇಳಿ, ಮನೆಯ ಲೋಟದಲ್ಲಿಯೇ ಅವರಿಗೆ ಕಾಫಿ ಕೊಡಿ. ನಿಮ್ಮ ಮಕ್ಕಳು ಅದನ್ನು ನೋಡಲಿ. ಬಚ್ಚಲು, ಪಾಯಿಖಾನೆ ತೊಳೆಯುವ ಸರದಿಯಲ್ಲಿ ಮನೆಯ ಗಂಡುಮಕ್ಕಳ ಹೆಸರೂ ಇರಲಿ. ಈ ವಾರದಿಂದಲೇ ಇರಲಿ.